ಹಿತ್ತಲು ಹಿಸ್ಸೆ ಮಾಡುವ ಮುನ್ನ

ಚೌತಿಗೆ ಊರಿಗೆ ಬರುವ ಮಕ್ಕಳು ನನ್ನ ಜಗಲಿಯಲ್ಲಿ ಕೂತು ಕೇಳುವುದು ಈಚೆಗೆ ಒಂದೇ ಮಾತು: “ಅತ್ತೆ, ಹಿತ್ಲು ಹಿಸ್ಸೆ ಮಾಡ್ಕಂಡು ಸಣ್ಣದೊಂದು ಮನೆ ಕಟ್ಬೇಕು. ಎಲ್ಲಿಂದ ಸುರು ಮಾಡೂದು?” ಅಂಕೋಲಾ ತಾಲೂಕಿನ ಹಿಲ್ಲೂರಿಗೆ ನಾನು ಸೊಸೆಯಾಗಿ ಬಂದು ಐವತ್ತು ವರ್ಷವಾಯಿತು. ಒಂದು ಅವಧಿ ಪಂಚಾಯತಿಯಲ್ಲಿ ಕೂತಿದ್ದೇನೆ. ಹತ್ತಾರು ಮನೆಗಳ ಪಾಲಿಗೆ ಸಾಕ್ಷಿ ಹಾಕಿದ್ದೇನೆ. ನಮ್ಮದೇ ಮನೆಯ ಪಾಲು ಕೆಟ್ಟದ್ದನ್ನೂ ಕಂಡಿದ್ದೇನೆ. ಅಣ್ಣತಮ್ಮಂದಿರ ಜಗಳ ಹುಟ್ಟುವುದು ಹೆಚ್ಚು ಕಡಿಮೆ ಗುಂಟೆಯಿಂದ ಎಂದು ಹೊರಗಿನವರು ತಿಳಿಯುತ್ತಾರೆ. ನಾನು ಕಂಡ ಜಗಳಗಳೆಲ್ಲ ಹುಟ್ಟಿದ್ದು ಬರೆಯದೆ ಬಿಟ್ಟ ದಾರಿಯಿಂದ, ಬರೆಯದೆ ಬಿಟ್ಟ ಬಾವಿಯಿಂದ. ಅದಕ್ಕೇ ಇಷ್ಟು ಹೇಳುತ್ತೇನೆ, ತಮಾ, ತಂಗಿ, ಕೇಳಿಕೊಳ್ಳಿ.

• ಮೊದಲು ನೆಲ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ನಮ್ಮ ಗಂಗಾವಳಿ ಕಣಿವೆಯಲ್ಲಿ ಒಂದೇ ಬೇಲಿಯೊಳಗೆ ಮೂರು ನಾಲ್ಕು ಬಗೆಯ ನೆಲ ಇರುತ್ತದೆ. ಮನೆಯಿರುವ ತುಂಡು ಮಾಲ್ಕಿ, ಕೆಳಗಿನ ಗದ್ದೆ ಒಂದು ಕಾಲಕ್ಕೆ ಗೇಣಿಯದು, ಮೇಲಿನದು ಸೊಪ್ಪಿನ ಬೆಟ್ಟ, ಅದರಾಚೆ ಅಜ್ಜ ಹಸನು ಮಾಡಿದ ಅರಣ್ಯದ ಜಾಗ. ಬೇಲಿ ಒಂದೇ ಆದ ಮಾತ್ರಕ್ಕೆ ಹಕ್ಕು ಒಂದೇ ಆಗುವುದಿಲ್ಲ.

• ಗೇಣಿಯಿಂದ ಬಂದ ನೆಲವಾದರೆ ನಮೂನೆ 10ರ ಅಧಿಭೋಗ ಪತ್ರ ಹುಡುಕಿ. ದಿನಕರ ದೇಸಾಯಿಯವರು ಈ ತಾಲೂಕಿನ ಗೇಣಿದಾರರನ್ನು ಒಟ್ಟುಮಾಡಿ ಹೋರಾಡಿದ್ದನ್ನು ನಮ್ಮ ಮಾವನವರು ಕಣ್ಣಾರೆ ಕಂಡವರು. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಕೊಟ್ಟ ಉಳುವವನಿಗೆ ಅದು ಮರಳಿ ಬಂತು. ಹಾಗೆ ಬಂದ ಜಮೀನನ್ನು ಆದೇಶದಿಂದ 15 ವರ್ಷ ಮಾರುವಂತಿರಲಿಲ್ಲ, ಮನೆಯವರೊಳಗೆ ಪಾಲು ಮಾಡಲು ಮಾತ್ರ ಅಡ್ಡಿ ಇರಲಿಲ್ಲ. ಆ 15 ವರ್ಷ ಹೆಚ್ಚಿನವರಿಗೆ ಎಂದೋ ಕಳೆದಿದೆ. ಆದರೂ ಆ ಹಳದಿಬಿದ್ದ ಕಾಗದವೇ ನಿಮ್ಮ ಬೇರು. ನಕಲು ಮಾಡಿಸಿ ಪ್ರತಿ ಹಿಸ್ಸೇದಾರನ ಕೈಗೂ ಒಂದೊಂದು ಕೊಡಿ.

• ಬೆಟ್ಟವನ್ನು ಪಾಲು ಪತ್ರದಲ್ಲಿ ಮನೆ ಜಾಗವೆಂದು ಬರೆಯಬೇಡಿ. ತೋಟಕ್ಕೆ ಅಲ್ಲಿಂದ ಸೊಪ್ಪು ತರುವ ಹಕ್ಕು ಇದೆ, ನೆಲದ ಒಡೆತನ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಂದ ನೆಲದ ಮಾತು ಬೇರೆ. 2006ರ ಆ ಕಾಯ್ದೆಯಂತೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅನುಭೋಗದಲ್ಲಿದ್ದವರಿಗೆ ಹಕ್ಕು ಸಿಗಬೇಕು. ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹಕ್ಕುಪತ್ರ ಸಿಕ್ಕರೂ ಅದು ಮಕ್ಕಳಿಗೆ ಇಳಿಯುತ್ತದೆ, ಮಾರಲು ಬರುವುದಿಲ್ಲ. ಹಕ್ಕುಪತ್ರವೇ ಆಗದ ಅತಿಕ್ರಮಣದ ಜಾಗವನ್ನು ಛಾಪಾ ಕಾಗದದ ಮೇಲೆ ಬರೆದು “ನಿನಗೆ ಐದು ಗುಂಟೆ, ನನಗೆ ಐದು ಗುಂಟೆ” ಎಂದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅದನ್ನು ನಂಬಿ ದುಡ್ಡು ಕೊಟ್ಟವರನ್ನು ನಾನು ಕಂಡಿದ್ದೇನೆ. ಕೂಲಿ ಮಾಡಿ ಕೂಡಿಟ್ಟ ದುಡ್ಡು ಅದು.

• ಕಂದಾಯ ಜಾಗದಲ್ಲಿ ಮನೆ ಕಟ್ಟಿಕೊಂಡು ಭೂಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿಯಲ್ಲಿ ಹಕ್ಕುಪತ್ರ ಪಡೆದವರೂ, ಸರ್ಕಾರದ ನಿವೇಶನ ಪಡೆದವರೂ ಪಾಲಿನ ಮಾತಿಗೆ ಮೊದಲು ಹಕ್ಕುಪತ್ರದ ಷರತ್ತುಗಳನ್ನು ಒಂದೊಂದಾಗಿ ಓದಿಸಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. 1978ರ ಕಾಯ್ದೆ ಅದು. ಕೊಂಡವನಿಂದ ನೆಲ ವಾಪಸಾಗುತ್ತದೆ.

• ಪಹಣಿ ಕೈಗೆ ಬಂದ ಕೂಡಲೇ ಹೆಸರು ನೋಡಿ ಮಡಚಿಡುವುದು ನಮ್ಮವರ ರೂಢಿ. ಅಷ್ಟು ಸಾಲದು. 9ನೇ ಕಾಲಂನಲ್ಲಿ ಯಾರ ಹೆಸರು, ಎಷ್ಟು ಕ್ಷೇತ್ರ. 10ರಲ್ಲಿ ಅದು ಹೇಗೆ ಬಂತು. 11ರಲ್ಲಿ ಸಾಲ, ಬೋಜಾ, ತಕರಾರು ಏನಿದೆ, ಇವಿಷ್ಟನ್ನೂ ನೋಡಿ. ಸೊಸೈಟಿಯ ಬೆಳೆಸಾಲ ಎಂದೋ ತೀರಿದ್ದರೂ 11ನೇ ಕಾಲಂನಲ್ಲಿ ಉಳಿದೇ ಇರುತ್ತದೆ. ತೀರುವಳಿ ಪತ್ರ ತಂದು ಅದನ್ನು ತೆಗೆಸದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಖರಾಬು ಎಷ್ಟು ಎಂದೂ ನೋಡಿ. ‘ಬ’ ಖರಾಬು ಎಂದಿದ್ದರೆ ಅದು ಹಳ್ಳ, ದಾರಿಯಂಥ ಸಾರ್ವಜನಿಕ ನೆಲ, ನಿಮ್ಮ ಪಾಲಿನ ಲೆಕ್ಕಕ್ಕೆ ಬರುವುದಿಲ್ಲ. ಒಂಬತ್ತು ಗುಂಟೆ ಎಂದು ಮೂವರು ಮೂರುಮೂರು ಹಂಚಿಕೊಂಡು, ಅಳತೆಯ ದಿನ ಒಂದು ಗುಂಟೆ ಖರಾಬು ಎಂದು ತಿಳಿದರೆ ಆ ಗುಂಟೆ ಯಾರ ತಲೆಯ ಮೇಲೆ?

• ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಬೇರೆಲ್ಲ ಬಿಟ್ಟು ಪೌತಿ ಖಾತೆ ಮಾಡಿಸಿ. ಮರಣದ ದಾಖಲೆ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಯಾರನ್ನೂ ಬಿಡಬೇಡಿ: ಮುಂಬಯಿಗೆ ಹೋಗಿ ಹಿಂದೆ ಬಾರದ ಚಿಕ್ಕಪ್ಪನನ್ನು, ತೀರಿಹೋದ ಅಣ್ಣನ ಹೆಂಡತಿಯನ್ನು, ಗೋವೆಯಲ್ಲಿರುವ ತಂಗಿಯನ್ನು. ಈ ಜಿಲ್ಲೆಯಲ್ಲಿ ರೈಲಿಗೆ, ಹೆದ್ದಾರಿಗೆ, ಸೀಬರ್ಡ್ ನೌಕಾನೆಲೆಗೆ ಎಷ್ಟು ನೆಲ ಹೋಯಿತೆಂದು ನಿಮಗೆ ಗೊತ್ತಿದೆ. ಅಂಥ ಹೊತ್ತಿನಲ್ಲಿ ಪರಿಹಾರದ ನೋಟೀಸು ಬರುವುದು ಪಹಣಿಯಲ್ಲಿರುವ ಹೆಸರಿಗೆ. ತೀರಿಹೋದವರ ಹೆಸರಿಗೆ ಬಂದ ನೋಟೀಸನ್ನು ಹಿಡಿದು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

• ಹೆಣ್ಣುಮಕ್ಕಳನ್ನು ಕೇಳಿ. ಸಹಿ ಹಾಕಿಸಿಕೊಳ್ಳುವುದಕ್ಕೆ ಮೊದಲು, ಕೂರಿಸಿಕೊಂಡು ಕೇಳಿ. ನನ್ನ ತವರಿನಲ್ಲಿ ತಂದೆ ತೀರಿದ ಮರುವರ್ಷ ತಮ್ಮ ಒಂದು ಕಾಗದ ತಂದ. ಹಪ್ಪಳ ಒಣಹಾಕುತ್ತಿದ್ದ ಕೈ ಒರೆಸಿಕೊಂಡು ಸಹಿ ಮಾಡಿದೆ. ಏನೆಂದು ಅವನೂ ಹೇಳಲಿಲ್ಲ, ನಾನೂ ಓದಲಿಲ್ಲ. ಹೇಳಿದ್ದರೆ ಸಂತೋಷದಿಂದಲೇ ಬಿಟ್ಟುಕೊಡುತ್ತಿದ್ದೆ. ಹೇಳಲಿಲ್ಲವಲ್ಲ ಎಂಬ ನೋವು ಈ ವಯಸ್ಸಿಗೂ ಹೋಗಿಲ್ಲ. ಈಗ ಕಾನೂನು ಸ್ಪಷ್ಟವಾಗಿದೆ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ಪಾಲುಗಳನ್ನು ಮಾತ್ರ ಕಲಕಲಾಗದು. ಅಕ್ಕತಂಗಿ ಬಿಟ್ಟುಕೊಡುತ್ತೇನೆಂದರೆ ಹಕ್ಕು ಬಿಡುಗಡೆ ಪತ್ರವನ್ನು ಅಂಕೋಲೆಯ ಉಪನೋಂದಣಿ ಕಚೇರಿಯಲ್ಲೇ ಮಾಡಿಸಿ. ಬಿಡುವುದಿಲ್ಲ ಎಂದರೆ ಆಕೆ ಕೆಟ್ಟವಳಲ್ಲ, ತನ್ನದನ್ನು ಕೇಳುತ್ತಿದ್ದಾಳೆ. ಮುಸಲ್ಮಾನ, ಕ್ರೈಸ್ತ ಮನೆಗಳಿಗೆ ವಾರಸಿನ ಕಾನೂನು ಬೇರೆ ಇದೆ, ವಕೀಲರನ್ನು ಕೇಳಿ.

• ಅಳತೆ. ಇದರಲ್ಲೇ ನಮ್ಮ ಮನೆ ಎಡವಿದ್ದು, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ. ನನ್ನವರೂ ಮೈದುನನೂ ಹಿತ್ತಲು ಒಡೆದುಕೊಂಡದ್ದು 1988ರಲ್ಲಿ, ತೆಂಗಿನ ನಾರಿನ ಹಗ್ಗ ಹಿಡಿದು, ನಾಲ್ಕು ಪಂಚರನ್ನು ಕೂರಿಸಿ. ಪ್ರೀತಿಯಿಂದಲೇ ಆಯಿತು, ಎಲ್ಲರೂ ಪಾಯಸ ಉಂಡು ಎದ್ದರು. ನಡುವೆ ಚಿರೆಕಲ್ಲಿನ ಪಾಗಾರವೂ ಎದ್ದಿತು. ಇಪ್ಪತ್ತಮೂರು ವರ್ಷದ ಮೇಲೆ ಮಗ ಸಾಲಕ್ಕೆ ಅರ್ಜಿ ಹಾಕಿದಾಗ ಮೊಜಣಿದಾರ ಬಂದು ಅಳೆದರೆ ನಮ್ಮ ಬಚ್ಚಲೂ ಬಾವಿಯೂ ನಾಲ್ಕು ಅಡಿ ಆಚೆ, ಮೈದುನನ ಭಾಗದಲ್ಲಿ. ಪಾಲು ಪತ್ರ ನೋಂದಣಿಯಾಗಿರಲಿಲ್ಲ, ಪಹಣಿ ಮಾವನವರ ಹೆಸರಿನಲ್ಲೇ ಇತ್ತು. ಅಷ್ಟರಲ್ಲಿ ಮೈದುನ ತೀರಿಕೊಂಡಿದ್ದ. ಅವನ ಮಕ್ಕಳಿಗೆ ನಮ್ಮ ಪಾಯಸದ ನೆನಪಿರಲಿಲ್ಲ. ಸರಿಮಾಡಲು ಆರು ವರ್ಷ ಹಿಡಿಯಿತು. ನಡುವೆ ಒಮ್ಮೆ ಅರ್ಜಿಯೇ ಕಳೆದುಹೋಗಿ ಮತ್ತೆ ಮೊದಲಿನಿಂದ ಹೊರಟೆವು.

ಆದ್ದರಿಂದ ಸರದಿ ತಪ್ಪಿಸಬೇಡಿ. ಮೊದಲು ಹದ್ದುಬಸ್ತು: ಇಡೀ ಸರ್ವೆ ನಂಬರಿನ ಗಡಿ ಅಳೆಸಿ ಕಲ್ಲು ನೆಡಿಸಿ. ಅಕ್ಕಪಕ್ಕದ ಹಿಡುವಳಿದಾರರು ಆ ದಿನ ಎದುರಿಗಿರಲಿ. ನಂತರ ಹಿಸ್ಸೆಯ ನಕ್ಷೆ, ಅಂದರೆ ‘11ಇ ಸ್ಕೆಚ್ಚು’. ಒಂದು ಸರ್ವೆ ನಂಬರಿನ ತುಂಡನ್ನು ಬರೆದುಕೊಡಬೇಕಾದರೆ ಇದು ಬೇಕೇ ಬೇಕು. ಆ ನಕ್ಷೆ ಲಗತ್ತಿಸಿ ಪಾಲು ಪತ್ರ ನೋಂದಣಿ, ಅದರ ಮೇಲೆ ಮುಟೇಶನ್, ಆಮೇಲೆ ಹೊಸ ಹಿಸ್ಸೆ ನಂಬರಿನ ಪಹಣಿ. ಇಷ್ಟೂ ಆಗಿ ಕಲ್ಲು ನೆಟ್ಟ ಮೇಲೆ ಪಾಗಾರ. ಮನೆಯವರೊಳಗಿನ ಪಾಲು ಪತ್ರಕ್ಕೆ ಮುದ್ರಾಂಕ ಶುಲ್ಕ ಪಾಲಿಗೆ ಇಷ್ಟೆಂದು ಗೊತ್ತುಮಾಡಿದ್ದಾರೆ. ಕ್ರಯಪತ್ರದಂತೆ ನೆಲದ ಬೆಲೆಯ ಮೇಲೆ ಕಟ್ಟಬೇಕಾಗಿಲ್ಲ. ಖರ್ಚಿಗೆ ಹೆದರಿ ನೋಂದಣಿ ತಪ್ಪಿಸುವವರು ಈ ಒಂದು ಮಾತನ್ನು ಕಚೇರಿಯಲ್ಲಿ ಕೇಳಿ ನೋಡಬೇಕಿತ್ತು.

• ಗುಂಟೆಯೆಂದರೆ 33 ಅಡಿಗೆ 33 ಅಡಿ, 1089 ಚದರಡಿ. ನಲವತ್ತು ಗುಂಟೆಗೆ ಎಕರೆ. 1862ರಲ್ಲಿ ಈ ಜಿಲ್ಲೆ ಮದರಾಸಿನಿಂದ ಮುಂಬಯಿ ಇಲಾಖೆಗೆ ಹೋದ ಮೇಲೆ ನಮಗೆ ಬಂದ ಲೆಕ್ಕ. ದಕ್ಷಿಣ ಕನ್ನಡದ ನೆಂಟರು ಸೆಂಟ್ಸ್‌ನಲ್ಲಿ ಹೇಳಿದರೆ ಗೊಂದಲ ಮಾಡಿಕೊಳ್ಳಬೇಡಿ: ನಮ್ಮ ಒಂದು ಗುಂಟೆಗೆ ಅವರ ಎರಡೂವರೆ ಸೆಂಟ್ಸ್.

• ದಾರಿಯನ್ನು ಮೊದಲು ಬಿಡಿ, ಉಳಿದದ್ದನ್ನು ಆಮೇಲೆ ಹಂಚಿ. ನಮ್ಮಲ್ಲಿ ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ. ಎದುರಿನವನು ಒಳಗಿನವನಿಗೆ “ನನ್ನ ಅಂಗಳದಲ್ಲೇ ನಡೆದು ಹೋಗು, ಬೇಡ ಅಂತೇನಾ?” ಎನ್ನುತ್ತಾನೆ. ಅವನು ಅನ್ನುವುದಿಲ್ಲ, ನಿಜ. ಅವನ ಮಗ ಅನ್ನುತ್ತಾನೆ, ಇಲ್ಲವೇ ಅವನಿಂದ ಕೊಂಡ ಪರಸ್ಥಳದವ ಗೇಟು ಹಾಕುತ್ತಾನೆ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿದ ಮೇಲೆ ರೈತನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು. ಮುಂದಿನ ನೆರೆಯವರು ಯಾರೆಂದು ಇಂದು ಹೇಳಲಾಗದು.

ಕಾಲುದಾರಿ ಸಾಲದು. ಹೆರಿಗೆಗೆ ಆಂಬುಲೆನ್ಸ್ ಬರಬೇಕು, ಸುಗ್ಗಿಗೆ ಗಾಡಿ ಬರಬೇಕು, ಹೆಣ ಹೊರುವಾಗ ನಾಲ್ವರು ಅಗಲಕ್ಕೆ ನಡೆಯಬೇಕು. ಕನಿಷ್ಠ 12 ಅಡಿ ಬಿಡಿ. ಲೆಕ್ಕ ಹಾಕಿ ನೋಡಿ: 66 ಅಡಿ ಉದ್ದಕ್ಕೆ 12 ಅಡಿ ಅಗಲವೆಂದರೆ 792 ಚದರಡಿ, ಮುಕ್ಕಾಲು ಗುಂಟೆಗೆ ಸ್ವಲ್ಪ ಕಡಿಮೆ. ಅದನ್ನು ಎಲ್ಲರ ಪಾಲಿನಿಂದಲೂ ಸಮನಾಗಿ ಕಳೆಯಿರಿ. ನಕ್ಷೆಗೆ ಮಂಜೂರಿ ಕೊಡುವ ಕಚೇರಿ ಇನ್ನೂ ಅಗಲದ ರಸ್ತೆ ಕೇಳಬಹುದು, ಗೆರೆ ಎಳೆಯುವ ಮೊದಲೇ ಹೋಗಿ ವಿಚಾರಿಸಿ. ಪಾಲು ಪತ್ರದಲ್ಲಿ ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾರು ಯಾರು ಬಳಸುವವರು, ಮಣ್ಣು ಹಾಕುವ ಖರ್ಚು ಯಾರದು, ಇಷ್ಟನ್ನೂ ಬರೆಸಿ ನಕ್ಷೆಯಲ್ಲೂ ಗುರುತಿಸಿ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಪಾಲಾದ ಮೇಲೆ ದಾರಿಯಿಲ್ಲದೆ ಉಳಿದವನಿಗೆ ಅಗತ್ಯದ ದಾರಿ ಸಿಗುತ್ತದೆ, 20 ವರ್ಷ ತಡೆಯಿಲ್ಲದೆ ನಡೆದ ದಾರಿಗೂ ಹಕ್ಕು ಬರುತ್ತದೆ. ಆದರೆ ಅದನ್ನು ಪಡೆಯಲು ಕೋರ್ಟಿನ ಮೆಟ್ಟಿಲು ಹತ್ತಬೇಕು. ಎರಡು ಸಾಲು ಬರೆದರೆ ಹತ್ತಬೇಕಾಗಿಲ್ಲ.

• ಬಾವಿ ಒಬ್ಬನ ಪಾಲಿಗೆ ಬಂದರೆ ಉಳಿದವರಿಗೆ ನೀರಿನ ಹಕ್ಕನ್ನೂ, ಪಂಪು ಕೂರಿಸುವ ಹಕ್ಕನ್ನೂ, ಪೈಪು ಹಾಯುವ ಜಾಗವನ್ನೂ ಬರೆಸಿ. ಏಪ್ರಿಲ್‌ನಲ್ಲಿ ನೀರು ತಳಕ್ಕೆ ಹೋದಾಗ ಯಾರು ಎಷ್ಟು ಹೊತ್ತು ಎಂಬುದನ್ನೂ ಮಾತಾಡಿಕೊಳ್ಳಿ. ಶೌಚದ ಗುಂಡಿಗೂ ಬಾವಿಗೂ 50 ಅಡಿ ಅಂತರವಿರಲಿ, ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಣ್ಣ ತುಂಡುಗಳಾದಾಗ ಮೊದಲು ಕೆಡುವುದು ಇದೇ: ನಾಲ್ಕು ಮನೆಗೆ ನಾಲ್ಕು ಗುಂಡಿ, ನಡುವೆ ಒಂದು ಬಾವಿ. ತುಳಸಿಕಟ್ಟೆ, ಚೌಡಿ, ನಾಗರ ಕಲ್ಲು ಯಾರ ಭಾಗದಲ್ಲಿದ್ದರೂ ವರ್ಷದ ಪೂಜೆಗೆ ಎಲ್ಲರೂ ಬರುವಂತೆ ಒಂದು ಸಾಲು ಸೇರಿಸಿ.

• ಮಳೆನೀರು ಹರಿಯುವ ಅಗಳವನ್ನು ಮುಚ್ಚಿ ಜಾಗ ಹೆಚ್ಚಿಸಿಕೊಳ್ಳಬೇಡಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡು ಇದು. ಮೇಲಿನ ಹಿಸ್ಸೆಯ ನೀರು ಕೆಳಗಿನ ಹಿಸ್ಸೆಗೆ ಇಳಿಯಲೇಬೇಕು, ಎಲ್ಲಿ ಇಳಿಯಬೇಕೆಂದು ನಕ್ಷೆಯಲ್ಲಿ ತೋರಿಸಿ. 2019ರ ಆಗಸ್ಟಿನಲ್ಲಿ ಗಂಗಾವಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಮರೆಯಬೇಡಿ. ಅಂದು ನೀರು ಎಲ್ಲಿವರೆಗೆ ಏರಿತ್ತೆಂದು ಹಳಬರಿಗೆ ಗೊತ್ತಿದೆ. ಆ ಗುರುತಿನ ಕೆಳಗಿನ ತುಂಡನ್ನು ತೋಟಕ್ಕೆ ಬಿಡಿ, ಮನೆ ಜಾಗವೆಂದು ತಮ್ಮನ ತಲೆಗೆ ಕಟ್ಟಬೇಡಿ. ಗುಡ್ಡದ ಬುಡ ಕಡಿದು ಮಟ್ಟಮಾಡುವುದೂ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಮ್ಮದೇ ತಾಲೂಕಿನಲ್ಲಿ. ಹೊಳೆಗೆ ಉಪ್ಪುನೀರು ಏರುವ ಮಂಜಗುಣಿ ಕಡೆಯವರು ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ನೋಡಿಕೊಳ್ಳಬೇಕು.

• ಪಹಣಿ ಬೇರೆಯಾಯಿತೆಂದು ಮನೆ ಕಟ್ಟಲು ಹೊರಡಬೇಡಿ. ಪಹಣಿ ಇರುವ ನೆಲ ಇನ್ನೂ ಕೃಷಿ ನೆಲ. ಅದನ್ನು ಮನೆಗೆ ಬಳಸಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯಿಂದ ಪರಿವರ್ತನೆ ಆಗಬೇಕು, ನಾವು ‘ಎನ್.ಎ. ಮಾಡಿಸುವುದು’ ಎನ್ನುವುದು ಇದಕ್ಕೇ. ರೈತ ತನ್ನ ಜಮೀನಿನಲ್ಲಿ ತನ್ನ ವಾಸಕ್ಕೆ ಹಿಡುವಳಿಯ ನೂರಕ್ಕೆ 10ರ ಮಿತಿಯೊಳಗೆ ತೋಟದ ಮನೆ ಕಟ್ಟಲು ವಿನಾಯಿತಿ ಇದೆ. ತುಂಡು ಮಾಡಿ ಮಾರುವವರಿಗೆ ಆ ವಿನಾಯಿತಿ ಇಲ್ಲ.

• ಪರಿವರ್ತನೆಯಾದ ನೆಲಕ್ಕೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯಿಂದ ವಿನ್ಯಾಸ ನಕ್ಷೆ ಮಂಜೂರಾಗಬೇಕು. ಒಂದೇ ಮನೆಯಾದರೆ ಏಕ ನಿವೇಶನ ನಕ್ಷೆ. ಅದಾದ ಮೇಲೆ ಪಂಚಾಯತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ. ನಿಯಮ ಮಾಡಿದವರ ಕಣ್ಣ ಮುಂದೆ ಇದ್ದದ್ದು ಬಯಲುಸೀಮೆಯ ಊರು: ಗ್ರಾಮಠಾಣದೊಳಗೆ ಮನೆಗಳೆಲ್ಲ ಒತ್ತಾಗಿ, ಹೊರಗೆ ಹೊಲ. ಇಲ್ಲಿ ಮನೆಯೊಂದು ಈ ಕೊಪ್ಪದಲ್ಲಿ, ಇನ್ನೊಂದು ಆ ಬೈಲಿನಲ್ಲಿ, ಪ್ರತಿಯೊಂದೂ ತನ್ನ ಹಿತ್ತಲೊಳಗೆ. ಗ್ರಾಮಠಾಣಕ್ಕೆ ಸೇರದ ಈ ಹಳೆಯ ಮನೆಗಳಿಗೆ ನಮೂನೆ 9 ಸಿಗಲು ಎಷ್ಟು ಕಷ್ಟವೆಂದು ಪಂಚಾಯತಿಯಲ್ಲಿ ಕೂತಾಗ ಕಂಡೆ. ಕರಾವಳಿ, ಮಲೆನಾಡಿನ ಬಿಡಿಮನೆಗಳಿಗೆ ಬೇರೆಯೇ ನಿಯಮ ಬೇಕೆಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ನಿಯಮ ಬದಲಾಗುವವರೆಗೆ ಇದ್ದದ್ದನ್ನೇ ಅನುಸರಿಸಬೇಕು.

• ನಮೂನೆ 11ಬಿ ಸಿಕ್ಕಿತೆಂದು ಹಿಗ್ಗಬೇಡಿ. ಅದು ತೆರಿಗೆಯ ಲೆಕ್ಕಕ್ಕೆ ಕೊಟ್ಟದ್ದು. ಮನೆಪಟ್ಟಿಯ ರಶೀದಿಯೂ ಹಾಗೆಯೇ, ಒಡೆತನದ ಕಾಗದವಲ್ಲ.

• ಕಟ್ಟಲು ಗ್ರಾಮ ಪಂಚಾಯತಿಯ ಪರವಾನಗಿ ಬೇಕು, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಪಾಯ ತೋಡಿದ ಮೇಲೆ ಹೋಗಬೇಡಿ. ಅಂಕೋಲಾ-ಹುಬ್ಬಳ್ಳಿ ಹೆದ್ದಾರಿಯ ಬದಿಯ ತುಂಡಾದರೆ ರಸ್ತೆಯ ನಡುವಿನಿಂದ 40 ಮೀಟರಿನ ಕಟ್ಟಡ ರೇಖೆಯನ್ನು ವಿಚಾರಿಸಿ. ರಸ್ತೆಗೆ ತಾಗಿದ ಜಾಗಕ್ಕೆ ಬೆಲೆ ಹೆಚ್ಚೆಂದು ಅಣ್ಣ ಅದನ್ನೇ ತೆಗೆದುಕೊಂಡು, ಕೊನೆಗೆ ಅಲ್ಲಿ ಕಟ್ಟಲಾಗದೆ ಕೂತದ್ದಿದೆ. ಹೆಸ್ಕಾಂ ಮೀಟರೂ ಬ್ಯಾಂಕಿನ ಸಾಲವೂ ಇದೇ ಕಾಗದಗಳನ್ನು ಕೇಳುತ್ತವೆ.

• ತೀರ ಸಣ್ಣದು ಮಾಡಬೇಡಿ. ಐದು ಗುಂಟೆಯನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ 1361 ಚದರಡಿ. ಅದರಲ್ಲೇ ದಾರಿ, ಗುಂಡಿ, ಮಾಡಿನ ನೀರು ಬೀಳುವ ಜಾಗ ಎಲ್ಲ ಹೋಗಬೇಕು. ಇಬ್ಬರು ನೆಲ ಇಟ್ಟುಕೊಂಡು ಉಳಿದಿಬ್ಬರಿಗೆ ದುಡ್ಡೋ ಬೇರೆ ಕಡೆಯ ತೋಟವೋ ಕೊಟ್ಟು ತೀರಿಸಿದ ಮನೆಗಳು ನನಗೆ ಗೊತ್ತು. ಆ ಮನೆಗಳಲ್ಲಿ ಇಂದಿಗೂ ಎಲ್ಲರೂ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

• “ಎಲ್ಲ ನಾನು ಮಾಡಿಸಿಕೊಡುತ್ತೇನೆ” ಎನ್ನುವವರ ಕೈಗೆ ಮೂಲ ಕಾಗದ ಕೊಡಬೇಡಿ, ಖಾಲಿ ಹಾಳೆಯ ಮೇಲೆ ಸಹಿ ಹಾಕಬೇಡಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದು, ನಂಬರನ್ನು ಒಂದು ಪಟ್ಟಿಯಲ್ಲಿ ತಾರೀಖಿನ ಸಮೇತ ಬರೆದಿಡಿ. ನಮ್ಮ ಅರ್ಜಿ ಕಳೆದಾಗ ನನ್ನ ಬಳಿ ಆ ಪಟ್ಟಿ ಇರಲಿಲ್ಲ.

• ಹಿರಿಯರು ಇರುವಾಗಲೇ ಮಾಡಿ. ಯಾವ ಕಲ್ಲು ಎಲ್ಲಿತ್ತು, ಯಾವ ಹಲಸಿನ ಮರ ಯಾವ ಗಡಿಗೆ ನೆಟ್ಟದ್ದು ಎಂದು ಬಲ್ಲವರು ಅವರೇ. ಮನೆಯ ಮುದುಕಿಗೆ ಸಾಯುವವರೆಗೂ ಒಂದು ಕೋಣೆ, ಹೊತ್ತಿನ ಊಟ, ಇವುಗಳ ಜವಾಬ್ದಾರಿ ಯಾರದು ಎಂದು ಪಾಲು ಪತ್ರದಲ್ಲೇ ಬರೆಸಿ. ಇದನ್ನು ಕೇಳಲು ಅವಳಿಗೆ ಬಾಯಿ ಬರುವುದಿಲ್ಲ. ನೀವೇ ಬರೆಸಬೇಕು.

• ಈ ಸಲ ಚೌತಿ ಮುಗಿಸಿ ಬಸ್ಸು ಹತ್ತುವ ಮೊದಲು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಒಟ್ಟಿಗೆ ಹಿತ್ತಲಿಗೆ ಇಳಿದು ನಾಲ್ಕು ಮೂಲೆಯ ಗಡಿಕಲ್ಲು ಹುಡುಕಿ. ಒಂದು ಕಲ್ಲಾದರೂ ಸಿಗದಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟೇ ಊರು ಬಿಡಿ.